ನೋಯ್ಲೀನ್ ಕ್ರೌಸ್ ಅವರ ಅಮೆರಿಕಾ ಪೆಟ್ಟಿಗೆ

ಬ್ರೋಡಿ ಪೆಲ್‌ನ ಇಪ್ಪತ್ತಾರು ವರ್ಷದ ಬದುಕಿನಲ್ಲಿ ಊರಿನವರು ಅವನನ್ನು ಬಾಯ್ತುಂಬ ಹೊಗಳಿದ್ದು ಒಂದೇ ಸಲ, ಅದೂ ಸಾಸೇಜ್ ಸುಟ್ಟದ್ದಕ್ಕೆ. ಆ ಹೊಗಳಿಕೆಯೂ ಅದೇ ದಿನ ಮಧ್ಯಾಹ್ನದೊಳಗೆ ವಾಪಸು ಹೋಯಿತು. ಯಾಕೆ ಹೋಯಿತು ಅನ್ನುವುದಕ್ಕೆ ಮೊದಲು ನೋಯ್ಲೀನ್ ಕ್ರೌಸ್ ಅವರ ಬಗ್ಗೆ ಹೇಳಬೇಕು. ಬ್ರೋಡಿಯ ಬಗ್ಗೆ ಹೇಳುವಂಥದ್ದು ಅಷ್ಟೇನೂ ಇಲ್ಲ.

ಇದ್ದದ್ದಿಷ್ಟು: ಟರಾನೂಕ್ ಊರಾಚೆಯ ಗೋಧಿ ಕಣಜದಲ್ಲಿ ಕೊಯ್ಲಿನ ಮೂರು ತಿಂಗಳು ಅವನಿಗೆ ಕೆಲಸ. ಲಾರಿ ಬಂದು ನಿಂತರೆ ಉದ್ದನೆಯ ಕೊಳವೆಯೊಂದನ್ನು ಕಾಳಿನೊಳಗೆ ಚುಚ್ಚಿ, ನಾಲ್ಕು ಹಿಡಿ ತೆಗೆದು, ತೇವ ನೋಡಿ, ದರ್ಜೆ ಹೇಳಬೇಕು. ಸೇರಿದ ಮೊದಲ ವಾರವೇ ಒಂದು ಲಾರಿ ಬಾರ್ಲಿಯನ್ನು ಗೋಧಿ ಎಂದು ದರ್ಜೆ ಕೊಟ್ಟು ಒಳಗೆ ಸುರಿಸಿದ್ದ. ಅಂದಿನಿಂದ ಊರಿಗೆಲ್ಲ ಅವನು 'ಬಾರ್ಲಿ'. ಅವನ ತಾಯಿಯೂ ಒಮ್ಮೊಮ್ಮೆ ಮರೆತು ಹಾಗೇ ಕರೆಯುತ್ತಿದ್ದಳು. ಹಿಂದಿನ ರಾಜ್ಯ ಚುನಾವಣೆಯ ಶನಿವಾರ ನಿದ್ದೆ ಮಾಡಿ ಓಟು ತಪ್ಪಿಸಿಕೊಂಡಿದ್ದ. ಓಟು ಹಾಕದವರಿಗೆ ದಂಡ ಹಾಕುವ ದೇಶ ಅದು; ಕಾರಣ ಕೇಳಿ ಸರ್ಕಾರದಿಂದ ಕಾಗದ ಬಂದಾಗ, ಕಾರಣದ ಜಾಗದಲ್ಲಿ 'ಮಲಗಿದ್ದೆ' ಎಂದು ಬರೆದು ಕಳಿಸಿದ. ಕಳಿಸುವ ಮುಂಚೆ ಆ ಕಾಗದವನ್ನು ಬಾರಿನಲ್ಲಿ ಗಟ್ಟಿಯಾಗಿ ಓದಿ ಎಲ್ಲರೂ ನಕ್ಕಾಗ, ನಗದೇ ಇದ್ದವರು ಒಬ್ಬರೇ.

"ನಿಜ ಬರೆದಿದಾನಲ್ಲ," ಎಂದರು ನೋಯ್ಲೀನ್. "ನಿಮ್ಮಲ್ಲಿ ಎಷ್ಟು ಜನಕ್ಕೆ ಆ ಶನಿವಾರ ಇದ್ದಕ್ಕಿದ್ದ ಹಾಗೆ ಬೆನ್ನುನೋವು ಬಂದಿತ್ತು ಅಂತ ನನಗೆ ಗೊತ್ತು."

ಓದಿದವನು ಕಾಗದವನ್ನು ಮಡಚಿ ಬ್ರೋಡಿಯ ಕೈಗೆ ಕೊಟ್ಟ.

ನೋಯ್ಲೀನ್ ಕ್ರೌಸ್ ಅವರಿಗೆ ಆಗ ಎಪ್ಪತ್ತೆಂಟು. ಹದಿನಾರನೆಯ ವಯಸ್ಸಿಗೆ ಅಂಚೆ ಕಚೇರಿಯ ಹಿಂಬದಿಯ ಕೋಣೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಮುಂದೆ ಕೂತವರು. ಊರಲ್ಲಿ ಯಾರು ಯಾರಿಗೆ ಫೋನ್ ಮಾಡಿದರೂ ಅವರ ಕೈಯಿಂದಲೇ ತಂತಿ ಸಿಕ್ಕಿಸಬೇಕಾಗಿದ್ದ ಕಾಲ. ಯಾರ ಗೋಧಿ ಯಾರಿಗೆ ಮಾರಾಟವಾಯಿತು, ಯಾರ ಹೆಂಡತಿ ತವರಿಗೆ ಹೊರಟಳು, ಯಾವ ಡಾಕ್ಟರು ಯಾರಿಗೆ ಏನು ಹೇಳಿದ, ಹದಿನೇಳು ವರ್ಷ ಎಲ್ಲವೂ ಅವರ ಕಿವಿಯೊಳಗೆ ಹೋಯಿತು. ಬಾಯಿಂದ ಒಂದಕ್ಷರ ಹೊರಗೆ ಬರಲಿಲ್ಲ. ಸ್ವಂತ ಗಂಡ ಕೆವ್‌ಗೂ ಹೇಳಲಿಲ್ಲ. ಆತ ತೀರಿಕೊಳ್ಳುವವರೆಗೂ ಅದೊಂದೇ ಬೇಜಾರು ಇಟ್ಟುಕೊಂಡಿದ್ದನಂತೆ. ಎಕ್ಸ್‌ಚೇಂಜು ಮುಚ್ಚಿದ ಮೇಲೆ ಶಾಲೆಯ ಕ್ಯಾಂಟೀನು ನೋಡಿಕೊಂಡರು. ಬ್ರೋಡಿಯ ವಯಸ್ಸಿನವರೆಲ್ಲ ಅವರ ಕೈಯಿಂದ ಮಾಂಸದ ಪೈ ತಿಂದು ಬೆಳೆದವರು. ಆದ್ದರಿಂದ ಊರೆಲ್ಲ 'ನೋಲ್' ಎಂದರೂ ಅವನ ಬಾಯಲ್ಲಿ ಅವರು ಇನ್ನೂ ಮಿಸೆಸ್ ಕ್ರೌಸ್.

ಎಕ್ಸ್‌ಚೇಂಜಿನಲ್ಲಿ ಇದ್ದಾಗಿನಿಂದಲೇ, ಓಟಿನ ಶನಿವಾರ ಬಂದರೆ ಶಾಲೆಯ ಹಾಲಿನಲ್ಲಿ ಮೇಜಿನ ಹಿಂದೆ ಅವರೇ. ಹೆಸರಿನ ಪಟ್ಟಿ, ಸ್ಕೇಲು, ಪೆನ್ಸಿಲು. ಬಂದವರ ಹೆಸರಿನ ಮೇಲೆ ಸ್ಕೇಲಿಟ್ಟು ನೇರ ಗೆರೆ. ಸಂಜೆ ಎಣಿಕೆ. ನಲವತ್ತೇಳು ವರ್ಷದಲ್ಲಿ ಅವರ ಹಾಲಿನಿಂದ ಹೋದ ಲೆಕ್ಕವನ್ನು ಮೇಲಿನವರು ಒಮ್ಮೆಯೂ ತಿದ್ದಿದ್ದಿಲ್ಲ.

ಅಮೆರಿಕಾ ಪೆಟ್ಟಿಗೆ ಶುರುವಾದದ್ದು ೧೯೮೦ರಲ್ಲಿ. ಕುದುರೆ ಪಂದ್ಯದ ಮಂಗಳವಾರದ ರಜೆ ಮುಗಿದ ಮಾರನೆಯ ದಿನ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವವರ ಬೌಲ್ಸ್ ಕ್ಲಬ್ಬಿನ ಟೀವಿಯಲ್ಲಿ ಅಮೆರಿಕದ ಅಧ್ಯಕ್ಷನ ಚುನಾವಣೆ ಬರುತ್ತಿತ್ತು. ತಮ್ಮ ಪ್ರಧಾನಿಯ ಹೆಸರೆತ್ತಿದರೆ ಆಕಳಿಸುತ್ತಿದ್ದ ಗಂಡಸರು, ಕಣ್ಣಾರೆ ಕಾಣದ ಇಬ್ಬರು ಅಮೆರಿಕನ್ನರಿಗಾಗಿ ಅಂಗಿ ತೋಳು ಮಡಿಚಿ ಎದ್ದುನಿಂತಿದ್ದರು. ನೋಯ್ಲೀನ್ ಮನೆಗೆ ಹೋಗಿ, ಕೆವ್ ಮೊಳೆ ಇಟ್ಟುಕೊಳ್ಳುತ್ತಿದ್ದ ಪ್ಲೈವುಡ್ ಪೆಟ್ಟಿಗೆಯನ್ನು ಖಾಲಿ ಮಾಡಿ, ಮುಚ್ಚಳಕ್ಕೊಂದು ಸೀಳು ಕೊರೆದು ತಂದು ಮೇಜಿನ ಮೇಲಿಟ್ಟರು. "ಕೂಗಾಡೋದು ಯಾಕೆ, ಎಣಿಸಿ ನೋಡೋಣ," ಎಂದರು. ಅಲ್ಲಿಂದ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಆ ಪೆಟ್ಟಿಗೆ ಬರುತ್ತದೆ.

ಇದು ಆಟ ಎಂದು ಊರು ತಿಳಿದಿತ್ತು. ನೋಯ್ಲೀನ್ ಹಾಗೆ ತಿಳಿದಿರಲಿಲ್ಲ. ಸೈನ್ಯಕ್ಕೆ ಯಾರು ಹೋಗಬೇಕೆಂದು ಸರ್ಕಾರ ತಾರೀಕಿನ ಗೋಲಿ ಎತ್ತಿ ತೀರ್ಮಾನಿಸುತ್ತಿದ್ದ ಕಾಲದಲ್ಲಿ, ಅವರ ತಮ್ಮ ರಾಸ್‌ನ ಹುಟ್ಟಿದ ತಾರೀಕಿನ ಗೋಲಿ ಡಬ್ಬಿಯಿಂದ ಎದ್ದು ಬಂದು, ಇಪ್ಪತ್ತರ ಹುಡುಗ ಅಮೆರಿಕದವರ ಜೊತೆ ವಿಯೆಟ್ನಾಂ ಕಾಡಿಗೆ ಹೋಗಿದ್ದ. ವಾಪಸು ಬಂದವನು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ, ಯಾರ ಜೊತೆಗೂ ಹೆಚ್ಚು ಮಾತಿಲ್ಲದೆ ಮೂವತ್ತು ವರ್ಷ ಕಳೆದು ಸತ್ತ. "ಅಲ್ಲಿಯವರು ಆರಿಸಿದವನು ಕರೆದ, ಇಲ್ಲಿ ನಾವು ಆರಿಸಿದವನು ಕಳಿಸಿದ," ಎಂದು ಒಮ್ಮೆ ಬ್ರೋಡಿಗೆ ಹೇಳಿದ್ದರು. "ಆ ಗೋಲಿ ಎತ್ತಿದ್ದು ಬಾಗಿಲು ಹಾಕ್ಕೊಂಡು. ಯಾರ ಕಣ್ಣಿಗೂ ಬೀಳ್ಲಿಲ್ಲ. ಅದಕ್ಕೇ ಎಣಿಸೋದು ಏನಿದ್ರೂ ಎಲ್ಲರ ಮುಂದೆ ಆಗ್ಬೇಕು ಅಂತ ನನಗೆ ಹಠ. ಯಾವ ದೇಶದ್ದೇ ಇರ್ಲಿ."

ಈ ಸಲ ಹನ್ನೆರಡನೆಯ ಪೆಟ್ಟಿಗೆ. ಕೊಯ್ಲಿನ ಕಾಲ, ಹಾಗಾಗಿ ಯಾರೂ ಬರುವುದಿಲ್ಲ ಎಂದುಕೊಂಡಿದ್ದರು. ಆದರೆ ಮಂಗಳವಾರ ರಾತ್ರಿ ಮಳೆ ಹನಿಸಿ ತೆನೆಯೆಲ್ಲ ಒದ್ದೆ. ತೇವದ ಕಾಳನ್ನು ಕಣಜ ತೆಗೆದುಕೊಳ್ಳುವುದಿಲ್ಲ. ಕೊಯ್ಲಿನ ಯಂತ್ರಗಳು ಹೊಲದಲ್ಲೇ ನಿಂತವು, ರೈತರೆಲ್ಲ ಕ್ಲಬ್ಬಿಗೆ ಬಂದರು, ಬ್ರೋಡಿ ಚಿಮಟ ಹಿಡಿದು ಬಾಗಿಲ ಹೊರಗಿನ ಬಾರ್ಬೆಕ್ಯೂ ಒಲೆಯ ಮುಂದೆ ನಿಂತ. ಸಾಸೇಜ್ ಇಲ್ಲದ ಓಟು ಓಟೇ ಅಲ್ಲ ಎಂಬುದರಲ್ಲಿ ಟರಾನೂಕ್‌ನಲ್ಲಿ ಎರಡು ಮಾತಿಲ್ಲ.

ಒಲೆ ಹಚ್ಚುವ ಮೊದಲೇ ಕ್ಲಬ್ಬಿನ ಅಧ್ಯಕ್ಷ ಗ್ರೇಮ್ ಟಿಪ್ಪೆಟ್ ಪಕ್ಕಕ್ಕೆ ಬಂದ. ಕುರಿ ಹರಾಜು ಕೂಗುವುದು ಅವನ ಕಸುಬು; ಮೆಲ್ಲಗೆ ಮಾತಾಡಿದರೂ ಅರ್ಧ ಊರಿಗೆ ಕೇಳಿಸುತ್ತದೆ.

"ಬಾರ್ಲಿ, ನಿಂಗೊಂದು ವಿಷ್ಯ ಹೇಳ್ತೀನಿ, ಹೊರಗೆ ಬಿಡ್ಬೇಡ. ಜಿಲ್ಲೆಯ ಎಲೆಕ್ಷನ್ ಆಫೀಸಿಂದ ಫೋನ್ ಬಂದಿತ್ತು. ಮುಂದಿನ ವರ್ಷದ ದೊಡ್ಡ ಎಲೆಕ್ಷನ್ನಿಗೆ ಮೇಜಿನ ಹಿಂದೆ ಕೂರೋಕೆ ನೋಲ್ ಮತ್ತೆ ಅರ್ಜಿ ಹಾಕಿದಾಳೆ, ಅವಳ ಕೈಲಿ ಇನ್ನೂ ಆಗತ್ತಾ ಅಂತ ನನ್ನ ಕೇಳ್ತಿದಾರೆ."

"ಮತ್ತೆ? ಆಗತ್ತೆ ಅನ್ನಿ."

"ಅವಳ ಕಣ್ಣು ನೋಡಿದೀಯಾ? ಮೊನ್ನೆ ಬೀದೀಲಿ ನನಗೆ 'ಗುಡ್ ಮಾರ್ನಿಂಗ್ ಫಾದರ್' ಅಂದ್ಳು ಕಣೋ. ನಾನು ಚರ್ಚಿಗೆ ಕಾಲಿಟ್ಟು ಹತ್ತು ವರ್ಷ ಆಯ್ತು." ಗ್ರೇಮ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನೇನೂ ಕೆಟ್ಟವನಲ್ಲ, ಅದೇ ಕಷ್ಟ. "ಇವತ್ತು ಎಣಿಸ್ಲಿ, ನೋಡ್ತೀನಿ. ಸರಿಯಾಗಿ ಬಂತೋ, ಸರಿ ಇದಾಳೆ ಅಂತೀನಿ. ತಪ್ಪಿತೋ, ಇಲ್ಲಿಗೆ ಸಾಕು ಅಂತೀನಿ. ಅಲ್ಲಿ ಹೋಗಿ ಎಲ್ಲರೆದುರು ಅವಮಾನ ಆಗೋದಕ್ಕಿಂತ ನಮ್ಮೊಳಗೇ ಮುಗಿದ್ರೆ ಒಳ್ಳೇದಲ್ವಾ?"

ಬ್ರೋಡಿ ಕ್ಲಬ್ಬಿನ ಕಿಟಕಿಯೊಳಗೆ ನೋಡಿದ. ನೋಯ್ಲೀನ್ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ಬೀಗ ಹಾಕುವ ಮೊದಲು ಅದನ್ನು ತಲೆಕೆಳಗು ಮಾಡಿ ಎಲ್ಲರಿಗೂ ಖಾಲಿ ಎಂದು ತೋರಿಸುತ್ತಿದ್ದರು. ಕಿಟಕಿಯ ಕಡೆ ತಿರುಗಿ, ಗ್ರೇಮ್ ಇದ್ದ ದಿಕ್ಕಿಗೂ ಒಮ್ಮೆ ಎತ್ತಿ ತೋರಿಸಿದರು. ಆ ಕಿವಿಗೆ ಏನೂ ತಪ್ಪುವುದಿಲ್ಲ ಎಂಬುದನ್ನು ಗ್ರೇಮ್ ಮರೆತಿದ್ದ.

ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಓಟು ಶುರು. ಹನ್ನೊಂದಕ್ಕೆ ಬಂದ್, ಟೀವಿಯಲ್ಲಿ ಅಮೆರಿಕದ ಮೊದಲ ಫಲಿತಾಂಶ ಬರುವ ಹೊತ್ತದು, ಅದನ್ನು ನೋಡಿ ಯಾರೂ ಮನಸ್ಸು ಬದಲಾಯಿಸಬಾರದು ಎಂದು ಅವರೇ ಮಾಡಿದ ಕಟ್ಟಳೆ. ಚೀಟಿಯಲ್ಲಿ ನಾಲ್ಕು ಹೆಸರು. ಒಂದಕ್ಕೆ ಗುರುತು ಹಾಕಿ ಬಂದರೆ ಸಾಲದು. ತಮ್ಮ ದೇಶದ ಪದ್ಧತಿಯಂತೆ ನಾಲ್ಕಕ್ಕೂ ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಅಂಕಿ ಬರೆಯಬೇಕು. ಅಮೆರಿಕದವರು ಹಾಗೆ ಬರೆಯುವುದಿಲ್ಲವಲ್ಲ ಎಂದು ಯಾರೋ ತಕರಾರು ತೆಗೆದರೆ, "ಅವರಿಗೆ ಬೇಡದಿದ್ರೆ ಬೇಡ, ನಾವು ಅರ್ಧಂಬರ್ಧ ಕೆಲ್ಸ ಮಾಡೋದು ಬೇಡ," ಎಂದರು.

ಬ್ರೋಡಿ ಒಲೆಯ ಮೇಲೆ ಸಾಸೇಜ್ ಬಿಟ್ಟು ಬಂದು ಸರತಿಯ ಮೊದಲಲ್ಲೇ ನಿಂತ. ಅವರು ಸ್ಕೇಲಿಟ್ಟು ಅವನ ಹೆಸರಿನ ಮೇಲೆ ಗೆರೆ ಎಳೆದು, ಚೀಟಿಯ ಅಂಚಿಗೆ ತಮ್ಮ ಮೊದಲಕ್ಷರದ ಸಹಿ ಹಾಕಿ ಕೊಟ್ಟರು. ಆ ಗೆರೆ ನೋಡಿದಾಗ ಅವನಿಗಾದ ನೆಮ್ಮದಿ ಅಷ್ಟಿಷ್ಟಲ್ಲ. ಓಟು ಹಾಕದವರಿಗೆ ಕಾಗದ ಬರುವ ದೇಶದಲ್ಲಿ ಹುಟ್ಟಿದವರಿಗೆ ಹೆದರಿಕೆ ಇರುವುದು ಗೆರೆ ಬೀಳದ ಹೆಸರಿನ ಬಗ್ಗೆ ಮಾತ್ರ. ಗೆರೆ ಬಿತ್ತೋ, ಮೈಮೇಲಿನ ಭಾರ ಇಳಿಯಿತು. ರಟ್ಟಿನ ಮರೆಯ ಹಿಂದೆ ಹೋಗಿ, ದಾರ ಕಟ್ಟಿದ ಪೆನ್ಸಿಲಿನಿಂದ ನಾಲ್ಕು ಅಂಕಿ ಬರೆದ. ಅಷ್ಟರಲ್ಲಿ ಹೊರಗಿನಿಂದ ಅವನ ಗೆಳೆಯ ಡ್ಯಾಜ್ ಕೂಗಿಕೊಂಡ:

"ಬಾರ್ಲೀ! ನಿನ್ನ ಸಾಸೇಜ್ ಹತ್ಕೊಂಡು ಉರೀತಿದೆ ಕಣೋ! ಫೈರ್ ಇಂಜಿನ್ ಕರೀಲಾ, ಪಾದ್ರಿನ ಕರೀಲಾ?"

ಬ್ರೋಡಿ ಓಡಿದ. ಆ ಒಲೆಗೆ ಒಂದು ಕಾಲು ಮೋಟು. ಸಿಮೆಂಟಿನ ಮೇಲೆ ಬಲಕ್ಕೆ ವಾಲಿ, ಎಣ್ಣೆಯೆಲ್ಲ ಒಂದೇ ಮೂಲೆಗೆ ಹರಿದು, ಆ ಕಡೆಯ ಸಾಸೇಜ್ ಇದ್ದಿಲಾದರೆ ಈ ಕಡೆಯದು ಹಸಿ. ಇಪ್ಪತ್ತು ವರ್ಷದಿಂದ ಊರು ಹಾಗೇ ತಿಂದುಕೊಂಡು ಬಂದಿತ್ತು. ಬ್ರೋಡಿ ಒಂದು ಕೈಯಲ್ಲಿ ಉರಿ ತಗ್ಗಿಸಿ, ಇನ್ನೊಂದು ಕೈಗೆ ಸಿಕ್ಕಿದ್ದನ್ನು ಮಡಚಿ, ಮತ್ತೂ ಮಡಚಿ, ಮೋಟುಕಾಲಿನ ಕೆಳಗೆ ತುರುಕಿದ. ಒಲೆ ನೆಟ್ಟಗೆ ನಿಂತಿತು. ಎಣ್ಣೆ ಸಮನಾಗಿ ಹರಡಿತು. ಅವತ್ತು ಬೆಳಿಗ್ಗೆ ಟರಾನೂಕ್‌ನ ಜನ ತಮ್ಮ ಜೀವಮಾನದಲ್ಲಿ ಮೊದಲ ಸಲ, ನಾಲ್ಕೂ ಮಗ್ಗುಲು ಒಂದೇ ಬಣ್ಣಕ್ಕೆ ಬಂದ ಸಾಸೇಜನ್ನು ಬ್ರೆಡ್ಡು, ಈರುಳ್ಳಿ, ಸಾಸಿನ ಜೊತೆ ತಿಂದರು.

"ಇದನ್ನ ನೀನೇ ಮಾಡಿದ್ಯಾ?" ಎಂದು ಬಾರಿನ ಕೆರ್ರಿ ಎರಡನೆಯದಕ್ಕೆ ಕೈಚಾಚಿದಳು. "ಛೆ, ಇಷ್ಟು ದಿನ ನಿನ್ನನ್ನ ಸುಮ್ನೆ ಗೋಧಿ ಚುಚ್ಚೋಕೆ ಕಳಿಸಿದ್ವಲ್ಲೋ."

ಬ್ರೋಡಿ ಚಿಮಟವನ್ನು ಬೆರಳ ಮೇಲೆ ತಿರುಗಿಸಿದ. ಅದು ಕೆಳಗೆ ಬಿತ್ತು. ಆದರೂ ಸಂತೋಷ ಹಾಗೇ ಇತ್ತು.

ಹನ್ನೊಂದಕ್ಕೆ ಓಟು ಮುಚ್ಚಿ ಎಲ್ಲರೂ ಒಳಗೆ ಟೀವಿಯ ಮುಂದೆ ಸೇರಿದರು. ಪರದೆಯ ಮೇಲೆ ಅಮೆರಿಕದ ಜನ, ಕತ್ತಲಾಗುತ್ತಿದ್ದ ಬೀದಿಯಲ್ಲಿ, ಒಂದು ಕಟ್ಟಡವನ್ನು ಸುತ್ತಿಕೊಂಡು ಸಾಲಾಗಿ ನಿಂತಿದ್ದರು.

"ಅಲ್ಲಿನ್ನೂ ಮಂಗಳವಾರ ಕಣ್ರೋ! ಕೆಲ್ಸದ ದಿನ!" ಎಂದ ಡ್ಯಾಜ್. "ಯಾವ ತಲೆಕೆಟ್ಟೋನು ಮಂಗಳವಾರ ಓಟು ಇಡ್ತಾನೆ?"

"ನಾವು ಮಂಗಳವಾರ ಕುದುರೆ ಓಡೋದಕ್ಕೆ ರಜಾ ತಗೊಂಡ್ವಿ," ಎಂದಳು ಕೆರ್ರಿ. "ಅವರು ಅಧ್ಯಕ್ಷನ್ನ ಆರಿಸೋಕೂ ತಗೊಳ್ಳಲ್ಲ. ಯಾರಿಗೆ ತಲೆ ಕೆಟ್ಟಿರೋದು?"

"ಜಾಸ್ತಿ ಓಟು ಬಿದ್ದವನು ಸೋಲೋದೂ ಉಂಟಂತಲ್ಲ?"

"ಉಂಟು. ನಮ್ಮ ಕ್ಲಬ್ಬಿನ ಅಧ್ಯಕ್ಷರ ಚುನಾವಣೆ ಥರ."

"ಯಾರೋ ಅದು?" ಎಂದ ಗ್ರೇಮ್.

"ನೋಡ್ರೋ, ಮೂರು ಗಂಟೆ ಹೊತ್ತಿಂದ ನಿಂತಿದಾರಂತೆ," ಡ್ಯಾಜ್ ಬೆರಳು ತೋರಿಸಿದ. "ಒಂದು ಸಾಸೇಜೂ ಇಲ್ಲ ಪಾಪ. ಅಲ್ಲಾ, ಓಟು ಹಾಕದಿದ್ರೆ ಕೇಳೋರೇ ಇಲ್ವಂತೆ ಅಲ್ಲಿ. ಕಾಗದ ಬರಲ್ಲ, ಏನಿಲ್ಲ. ಮತ್ತೆ ಯಾಕೆ ನಿಂತಿದಾರೆ ಇವ್ರು?"

ಪೆಟ್ಟಿಗೆಯ ಬೀಗ ತೆಗೆಯುತ್ತಿದ್ದ ನೋಯ್ಲೀನ್ ತಲೆ ಎತ್ತಿದರು.

"ಅದನ್ನೇ ನಾನು ನಲವತ್ತು ವರ್ಷದಿಂದ ನೋಡ್ತಿರೋದು ಡ್ಯಾಜ್. ಕೇಳೋರಿಲ್ಲ, ಆದ್ರೂ ನಿಂತಿದಾರೆ. ನಿನ್ನನ್ನ ಕೇಳೋರಿಲ್ಲದೇ ಇದ್ದಿದ್ರೆ ನೀನು ನಿಲ್ತಿದ್ಯಾ?"

ಡ್ಯಾಜ್ ಇನ್ನೊಂದು ಬಿಯರ್ ತರಲು ಎದ್ದ.

ಬ್ರೋಡಿಗೆ ಅಮೆರಿಕದ ಚುನಾವಣೆಯೆಂದರೆ ಕೆಂಪು ನೀಲಿ ಬಣ್ಣ ಬಳಿದ ಭೂಪಟ, ಅದರ ಮುಂದೆ ಅಂಗಿ ತೋಳು ಮಡಿಚಿ ಕೈಬೀಸುವವರು, ಬಲೂನು. ನೋಯ್ಲೀನ್ ನೋಡುತ್ತಿದ್ದದ್ದು ಬೇರೆ. ಯಾವುದೋ ಊರಿನ ಎಣಿಕೆಯ ಕೋಣೆಯನ್ನು ಅರೆಗಳಿಗೆ ತೋರಿಸಿದರೂ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತಿದ್ದರು. ಭಾಷಣಕಾರನ ಬೆನ್ನ ಹಿಂದೆ, ಮಡಚುವ ಮೇಜಿನ ಮುಂದೆ ಕೂತು ಕಾಗದ ಬಿಡಿಸುವ ಹೆಂಗಸರು ಅವರಿಗೆ ಬೇಕು. ೨೦೦೦ದಲ್ಲಿ ಅಲ್ಲಿಯವರು ಓಟಿನ ತೂತು ಸರಿಯಾಗಿ ಬಿದ್ದಿದೆಯೇ ಎಂದು ಚೀಟಿಗಳನ್ನು ಬೆಳಕಿಗೆ ಹಿಡಿದು ವಾರಗಟ್ಟಲೆ ಕಣ್ಣು ಕಿರಿದು ಮಾಡಿ ನೋಡಿದಾಗ ಜಗತ್ತೇ ನಕ್ಕಿತ್ತು. "ನಗೋದೇನಿದೆ? ಒಂದೊಂದನ್ನೂ ಬಿಡದೇ ನೋಡ್ತಿದಾರೆ," ಎಂದು ಈಕೆ ಟೀವಿ ಆರಿಸಲೇ ಇಲ್ಲ. ಕಳೆದ ಸಲ ಎಣಿಸುವವರ ಬಾಗಿಲಿಗೆ ಜನ ಗುದ್ದುವುದನ್ನು ತೋರಿಸಿದಾಗ, ನೆಬ್ರಾಸ್ಕಾದ ಒಂದು ಪುಟ್ಟ ಊರಿನ ಚುನಾವಣಾ ಕಚೇರಿಗೆ, ಹೆಸರು ಗೊತ್ತಿಲ್ಲದೆ, 'ಎಣಿಸುವ ಅಮ್ಮನವರಿಗೆ' ಎಂದು ಪತ್ರ ಹಾಕಿದ್ದರು. ಎರಡು ತಿಂಗಳಿಗೆ ಉತ್ತರ ಬಂತು. ಬರೆದವಳು ಲೊರೆಟಾ. ಅವಳ ಊರೂ ಗೋಧಿಯ ಊರಂತೆ. ಅಂದಿನಿಂದ ಕ್ರಿಸ್ಮಸ್ಸಿಗೆ ಒಬ್ಬರಿಗೊಬ್ಬರು ಕಾರ್ಡು ಕಳಿಸುತ್ತಾರೆ. ನಾಲ್ಕು ವರ್ಷದಲ್ಲಿ ಯಾರಿಗೆ ಓಟು ಹಾಕಿದೆ ಎಂದು ಅವಳು ಹೇಳಿಲ್ಲ, ಇವರು ಕೇಳಿಲ್ಲ.

"ಲೊರೆಟಾ ಈಗ ಚಹಾ ಕುಡೀತಿರ್ತಾಳೆ," ಎಂದರು ಗಡಿಯಾರದ ದಿಕ್ಕಿಗೆ ಮುಖ ಮಾಡಿ. "ಅವಳದ್ದು ಶುರುವಾಗೋಷ್ಟರಲ್ಲಿ ನಮ್ಮದು ಮುಗಿಸೋಣ. ಕೆರ್ರಿ, ನೀನು ಅಂಕಿ ಓದು. ಡ್ಯಾಜ್, ನೀನು ಅವಳು ಓದಿದ್ದು ಸರಿಯಾ ನೋಡು. ಎಣಿಸೋದು ನಾನು."

ಹೆಬ್ಬೆರಳಿಗೆ ರಬ್ಬರಿನ ಟೊಪ್ಪಿಗೆ ಹಾಕಿಕೊಂಡು, ಕೆರ್ರಿ ಓದಿದಂತೆ ಚೀಟಿಗಳನ್ನು ಬೇರೆ ಬೇರೆ ಕಟ್ಟು ಮಾಡಿ, ತಟ್ಟಿ, ಎಣಿಸಿದರು. ಕಣ್ಣು ಎದುರಿನ ಗೋಡೆಯ ಮೇಲೆ. ಹಣೆಯಲ್ಲಿ ಒಂದು ಗೆರೆ ಕಾಣಿಸಿತು. ಇನ್ನೊಮ್ಮೆ ಎಣಿಸಿದರು. ಮತ್ತೊಮ್ಮೆ.

"ಪಟ್ಟೀಲಿ ಎಷ್ಟು ಹೆಸರಿಗೆ ಗೆರೆ ಬಿದ್ದಿದೆ ಕೆರ್ರಿ?"

"ನೂರ ಹದಿನೇಳು."

"ಇಲ್ಲಿ ನೂರ ಹದಿನಾರು ಇದೆ."

ಟೀವಿಯ ಸದ್ದನ್ನು ಯಾರೋ ಕಡಿಮೆ ಮಾಡಿದರು. ಗ್ರೇಮ್ ಗಂಟಲು ಸರಿಮಾಡಿಕೊಂಡ.

"ಇರ್ಲಿ ಬಿಡು ನೋಲ್. ಆಟದ ಓಟು. ಒಂದು ಹೆಚ್ಚಾದ್ರೇನು, ಕಮ್ಮಿಯಾದ್ರೇನು? ಗೆದ್ದವರು ಯಾರು ಅಂತ ಹೇಳಿಬಿಡು, ಊಟ ಮಾಡೋಣ."

"ಓಟು ಆಟದ್ದಿರಬಹುದು ಗ್ರೇಮ್. ಎಣಿಕೆ ಆಟದ್ದಲ್ಲ. ಒಂದು ಚೀಟಿ ಈ ಕೋಣೆಯಲ್ಲೋ ಹೊರಗೋ ಇದೆ. ಅದೆಲ್ಲಿದೆ ಅಂತ ಗೊತ್ತಾಗೋವರೆಗೂ ನಾನು ಬಾಯಿ ಬಿಡಲ್ಲ."

"ಇಲ್ಲಾ... ಎರಡು ಚೀಟಿ ಅಂಟಿಕೊಂಡಿರಬಹುದು. ಅಥವಾ ಗೆರೆ ಎಳೀವಾಗ ಪಕ್ಕದ ಹೆಸರಿಗೂ..." ಗ್ರೇಮ್ ಮಾತು ನಿಲ್ಲಿಸಿದ. ಆದರೆ ಅವನು ಹೇಳದೆ ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ನನಗೆ ಕಾಣಿಸಲ್ಲ ಅಂತ ತಾನೆ? ಅಂದ್ಬಿಡು. ಬೆಳಿಗ್ಗೆ ಹೊರಗೆ ನಿಂತು ಹೇಳ್ತಿದ್ಯಲ್ಲ."

ಗ್ರೇಮ್ ಕಿವಿಯವರೆಗೂ ಕೆಂಪಾದ.

ಹುಡುಕಾಟ ಶುರುವಾಯಿತು. ಎಲ್ಲರಿಗಿಂತ ಹೆಚ್ಚು ಹುರುಪಿನಿಂದ ಹುಡುಕಿದವನು ಬ್ರೋಡಿ. ಮೇಜಿನ ಕೆಳಗೆ ಅಂಗೈ ಮಂಡಿ ಊರಿ ನೋಡಿದ. ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದ. ರಟ್ಟಿನ ಮರೆಗಳನ್ನು ಕೊಡವಿದ. ಇಬ್ಬರು ಮುದುಕರ ಟೋಪಿ ತೆಗೆಸಿ ನೋಡಿದ. "ಯಾವನೋ ನಾಲಾಯಕ್ಕು ಜೇಬಲ್ಲಿಟ್ಕೊಂಡು ಹೋಗಿದಾನೆ," ಎಂದು ಗಟ್ಟಿಯಾಗಿ ಬೈದ. "ಇಂಥೋರಿಗೆಲ್ಲ ಓಟು ಯಾಕೆ ಕೊಡ್ತಾರೋ!" ಮಿಸೆಸ್ ಕ್ರೌಸ್ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡೂ ಅಂಗೈಯನ್ನು ಚೀಟಿಯ ಕಟ್ಟುಗಳ ಮೇಲೆ ಇಟ್ಟುಕೊಂಡಿದ್ದರು.  ಅದನ್ನು ನೋಡಿ ಬ್ರೋಡಿ ಮತ್ತೊಮ್ಮೆ ಮೇಜಿನ ಕೆಳಗೆ ತೂರಿದ. 

ಒಂದು ಗಂಟೆ ಹುಡುಕಿದರೂ ಚೀಟಿ ಸಿಗಲಿಲ್ಲ. ಹೊರಗಾದರೂ ನೋಡಿಬರೋಣ, ಜೊತೆಗೆ ಒಲೆಯನ್ನೂ ಒರೆಸಿಬಿಡೋಣ ಎಂದು ಬ್ರೋಡಿ ಹೊರಬಂದ. ಒಲೆಯ ಕಬ್ಬಿಣದ ಹಲಗೆಗೆ ಅಂಟಿದ ಎಣ್ಣೆ ಹೆರೆಯತೊಡಗಿದ. ಎಷ್ಟು ಒತ್ತಿ ಹೆರೆದರೂ ಒಲೆ ಅಲ್ಲಾಡಲಿಲ್ಲ. ಇಷ್ಟು ವರ್ಷ ಅಲ್ಲಾಡಿದ ಒಲೆ ಇವತ್ತು ಯಾಕೆ ಅಲ್ಲಾಡುತ್ತಿಲ್ಲ ಎಂದು ಅವನು ಬಗ್ಗಿ ನೋಡಿದ.

ಮೋಟುಕಾಲಿನ ಕೆಳಗೆ, ಎಂಟು ಪಟ್ಟು ಮಡಚಿದ, ಎಣ್ಣೆ ಕುಡಿದು ಕಂದಾದ ಕಾಗದ. ಒಂದು ಅಂಚಿನಲ್ಲಿ ನೋಯ್ಲೀನ್ ಅವರ ಮೊದಲಕ್ಷರದ ಸಹಿ.

ಬ್ರೋಡಿ ಮತ್ತೆ ಎದ್ದುನಿಂತು ಒಲೆ ಹೆರೆಯತೊಡಗಿದ. ಐದು ನಿಮಿಷ ಹೆರೆದ. ಆ ಒಲೆಗೆ ಅಷ್ಟು ಸೇವೆ ಹಿಂದೆಂದೂ ಸಿಕ್ಕಿರಲಿಲ್ಲ. ಕಾಗದವನ್ನು ಜೇಬಿಗಿಟ್ಟು ಮನೆಗೆ ಹೋಗಬಹುದು. ಕಿಡಿ ತಾಗಿಸಿದರೆ ಎಣ್ಣೆಯ ಕಾಗದ, ಎರಡು ಗಳಿಗೆ. 'ಬಾರ್ಲಿ' ಎಂಬ ಹೆಸರೇ ಆರು ವರ್ಷವಾದರೂ ಇನ್ನೂ ಮಾಸಿರಲಿಲ್ಲ. ಇದು ಗೊತ್ತಾದರೆ ಅವನ ಗೋರಿಯ ಕಲ್ಲಿನ ಮೇಲೂ ಕೆತ್ತುತ್ತಾರೆ. ಒಳಗಿನಿಂದ ಗ್ರೇಮ್‌ನ ಮೆಲುದನಿ, ಎಂದಿನಂತೆ, ಹೊರಗಿನವರೆಗೂ ಬಂತು.

"ನೋಲ್, ಬೇಜಾರು ಮಾಡ್ಕೋಬೇಡ. ನಲವತ್ತೇಳು ವರ್ಷ ಅಂದ್ರೆ ಏನು ಕಮ್ಮಿನಾ? ಕ್ಲಬ್ಬಿಂದ ಒಂದು ಟೀ ಪಾರ್ಟಿ ಮಾಡೋಣ. ನಾನೇ ಫೋನ್ ಮಾಡಿ ಹೇಳ್ತೀನಿ, ಅವಳೇ ಸಾಕು ಅಂದ್ಳು ಅಂತ."

ನೋಯ್ಲೀನ್ ಅವರ ದನಿ ಕೇಳಲಿಲ್ಲ. ಅದಕ್ಕೆ ಮೊದಲು ಅವರ ದನಿ ಕೇಳದೇ ಇದ್ದದ್ದು ಬ್ರೋಡಿಗೆ ನೆನಪಿಲ್ಲ.

ಅವನು ಒಲೆಯ ಕಾಲೆತ್ತಿ ಕಾಗದ ಎಳೆದುಕೊಂಡ. ಒಲೆ ಬಲಕ್ಕೆ ವಾಲಿತು.

"ಮಿಸೆಸ್ ಕ್ರೌಸ್," ಎಂದ ಬಾಗಿಲಲ್ಲಿ ನಿಂತು. ದನಿ ಶಾಲೆಯ ಹುಡುಗನದಾಯಿತು. "ಆ ನಾಲಾಯಕ್ಕು ಸಿಕ್ಕಿದ."

ಎಲ್ಲರೂ ತಿರುಗಿದರು.

"ನಾನೇ. ಹೆಸರಿಗೆ ಗೆರೆ ಬಿತ್ತಲ್ಲ, ಆಯ್ತು ಅನ್ಕೊಂಡೆ. ಪೆಟ್ಟಿಗೆಗೆ ಹಾಕೋದು ಮರೆತು... ಒಲೆ ಕಾಲಿಗೆ ಕೊಟ್ಟಿದ್ದೆ."

 ಡ್ಯಾಜ್ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟ. ಕೆರ್ರಿ ಮೇಜಿನ ಮೇಲೆ ತಲೆಯಿಟ್ಟು ಭುಜ ಕುಣಿಸಿದಳು. "ಅದಕ್ಕೇ ಕಣ್ರೋ ಸಾಸೇಜ್ ಅಷ್ಟು ಸಮ ಬಂದಿದ್ದು!" ಎಂದು ಒಬ್ಬ ಮುದುಕ ಕೂಗಿದ. "ಪ್ರಜಾಪ್ರಭುತ್ವದ ಮೇಲೆ ಸುಟ್ಟಿದ್ದು!"

ನೋಯ್ಲೀನ್ ನಗಲಿಲ್ಲ. ಕೈಚಾಚಿದರು. ಬ್ರೋಡಿ ಕಾಗದ ಬಿಡಿಸಿ ತೋರಿಸಲು ಹೋದ.

"ಬಿಡಿಸ್ಬೇಡ! ಅದು ನಿನ್ನದು, ನಾನು ನೋಡೋ ಹಾಗಿಲ್ಲ." ಬೆರಳಲ್ಲಿ ಒತ್ತಿ ದಪ್ಪ ನೋಡಿದರು, ಅಂಚಿನ ಸಹಿಯನ್ನು ಕೆರ್ರಿಯ ಕೈಲಿ ಓದಿಸಿದರು, ಮಡಿಕೆ ಬಿಡಿಸದೆಯೇ ಲಕೋಟೆಗೆ ಹಾಕಿ ಅಂಟಿಸಿದರು.

"ಅದನ್ನೂ ಸೇರಿಸಿಬಿಡು ನೋಲ್," ಎಂದ ಗ್ರೇಮ್. "ಪಾಪ, ಹುಡುಗ ತಂದುಕೊಟ್ಟಿದಾನೆ."

"ಪೆಟ್ಟಿಗೆಗೆ ಬೀಳದ್ದು ಓಟಲ್ಲ. ಲೆಕ್ಕದ ಪುಸ್ತಕದಲ್ಲಿ ಬರ್ಕೋ ಕೆರ್ರಿ. ಗೆರೆ ನೂರ ಹದಿನೇಳು. ಚೀಟಿ ನೂರ ಹದಿನಾರು. ಒಂದು ಒಲೆಯ ಕಾಲಡಿ, ಲಕೋಟೆಯಲ್ಲಿದೆ. ಕಾರಣ..." ರಬ್ಬರಿನ ಟೊಪ್ಪಿಗೆ ಕಳಚಿಟ್ಟರು. "ಕಾರಣ, ಪೆಟ್ಟಿಗೆ ಪಕ್ಕದಲ್ಲಿ ಒಬ್ಬರನ್ನ ನಿಲ್ಲಿಸ್ಬೇಕಿತ್ತು, ನಿಲ್ಲಿಸಿರಲಿಲ್ಲ. ಅದು ನೋಯ್ಲೀನ್ ಕ್ರೌಸ್ ತಪ್ಪು."

"ತಪ್ಪು ನಂದು ಮಿಸೆಸ್ ಕ್ರೌಸ್," ಎಂದ ಬ್ರೋಡಿ.

"ನಿನ್ನ ತಪ್ಪಿಗೆ ಊರಲ್ಲಿ ಜಾಗ ಬೇಕಾದಷ್ಟಿದೆ, ಪುಸ್ತಕದಲ್ಲಿ ಬೇಡ."

ಆಮೇಲೆ ಎದ್ದುನಿಂತು ಫಲಿತಾಂಶ ಹೇಳಿದರು. ಒಂದು ಚೀಟಿಯಲ್ಲಿ ಅಂಕಿಯ ಬದಲು ನಾಯಿಯ ಚಿತ್ರವಿತ್ತು, ಅದು ತಿರಸ್ಕೃತ. ಕೊನೆಯ ಸ್ಥಾನದ ಇಬ್ಬರ ಚೀಟಿಗಳನ್ನು, ಅವುಗಳ ಮೇಲಿನ ಮುಂದಿನ ಅಂಕಿ ನೋಡಿ, ಉಳಿದಿಬ್ಬರಿಗೆ ಹಂಚಿದ ಮೇಲೆ ಒಬ್ಬರಿಗೆ ಐವತ್ತೆಂಟು, ಇನ್ನೊಬ್ಬರಿಗೆ ಐವತ್ತೇಳು. ಯಾರಿಗೆ ಯಾವುದು ಎಂಬುದು ಪುಸ್ತಕದಲ್ಲಿದೆ, ಕ್ಲಬ್ಬಿಗೆ ಹೋ‌ದರೆ ನೋಡಬಹುದು.

"ಒಂದೇ ಓಟು!" ಡ್ಯಾಜ್ ಹಾರಿ ಎದ್ದ. "ಬಾರ್ಲಿ, ನೀನು ಯಾರಿಗೆ ಹಾಕಿದ್ದೆ ಹೇಳೋ! ಸಮ ಆಗ್ತಿತ್ತಾ?"

ಬ್ರೋಡಿ ಬಾಯಿ ತೆರೆದ.

"ಮುಚ್ಚು," ಎಂದರು ನೋಯ್ಲೀನ್. ಹದಿನೇಳು ವರ್ಷ ಊರಿನ ಗುಟ್ಟು ಕಾಯ್ದ ದನಿ ಅದು. ಬ್ರೋಡಿ ಬಾಯಿ ಮುಚ್ಚಿದ. ಇಂದಿನವರೆಗೂ ತೆರೆದಿಲ್ಲ.

ಅವರು ಗ್ರೇಮ್ ಕಡೆಗೆ ತಿರುಗಿದರು. "ನನ್ನ ಕಣ್ಣು ಹೋಗ್ತಿದೆ ಗ್ರೇಮ್, ನಿಜ. ಅವರು ಕೇಳಿದ್ರೆ ಅದನ್ನ ಮುಚ್ಚಿಡ್ಬೇಡ. ಆದ್ರೆ ಎಣಿಕೆ ತಪ್ಪಿತ್ತು ಅಂತ ಮಾತ್ರ ಹೇಳ್ಬೇಡ."

ಗ್ರೇಮ್ ಅಲ್ಲೇ, ಎಲ್ಲರ ಮುಂದೆ, ಫೋನ್ ತೆಗೆದ. ಕುರಿ ಹರಾಜಿನ ದನಿಯಲ್ಲಿ ಹೇಳಿದ: "ಟಿಪ್ಪೆಟ್ ಮಾತಾಡ್ತಿರೋದು, ಟರಾನೂಕ್‌ನಿಂದ. ಮಿಸೆಸ್ ಕ್ರೌಸ್ ವಿಷಯ. ಹೂಂ. ಕಣ್ಣು ಅಷ್ಟಕ್ಕಷ್ಟೆ, ಓದೋಕೆ ಪಕ್ಕದಲ್ಲಿ ಒಬ್ಬರು ಬೇಕು. ಎಣಿಕೆನಾ? ಕಣ್ಣು ಬೇಕಾಗಿಲ್ಲ ಸ್ವಾಮಿ ಅವಳಿಗೆ. ನೂರ ಹದಿನೇಳರಲ್ಲಿ ಒಂದು ಇಲ್ಲ ಅಂತ ಬೆರಳಲ್ಲೇ ಹಿಡಿದ್ಲು, ನಾವೆಲ್ಲ ಕಣ್ಣಿದ್ದೋರು ಒಂದು ಗಂಟೆ ಹುಡುಕಿದ್ವಿ." ಆ ಕಡೆಯವರು ಏನೋ ಕೇಳಿದರು. ಗ್ರೇಮ್ ಬ್ರೋಡಿಯನ್ನು ನೋಡಿದ. "ಓದೋನಾ? ಒಬ್ಬ ಇದಾನೆ. ಬುದ್ಧಿ ಅಷ್ಟಿಲ್ಲ. ಸುಳ್ಳು ಹೇಳಕ್ಕೆ ಬರಲ್ಲ."

ಸಂಜೆಯ ಹೊತ್ತಿಗೆ ಬಿಸಿಲು ಬಂದು ಹೊಲ ಒಣಗಿತು, ಜನ ಯಂತ್ರಗಳ ಕಡೆ ಹೋದರು. ಟೀವಿಯಲ್ಲಿ ಬಲೂನು ಬೀಳುವುದನ್ನು ನೋಡಲು ಯಾರೂ ಉಳಿಯಲಿಲ್ಲ. ನೋಯ್ಲೀನ್ ಕಾಗದ ತೆಗೆದು ಬ್ರೋಡಿಯ ಮುಂದಿಟ್ಟರು.

"ಬರಿ. ಪ್ರಿಯ ಲೊರೆಟಾ, ನಮ್ಮದು ಮುಗೀತು. ನೂರ ಹದಿನಾರು, ಒಂದು ಒಲೆಯ ಕೆಳಗೆ. ನಿಮ್ಮದು ಎಲ್ಲ ಸಿಕ್ತಾ?"

ಫೆಬ್ರವರಿಯಲ್ಲಿ ಉತ್ತರ ಬಂತು. ಬ್ರೋಡಿಯೇ ಓದಿ ಹೇಳಿದ. ಲೊರೆಟಾಳ ಊರಲ್ಲಿ ಎರಡು ಚೀಟಿ ಕಮ್ಮಿ ಬಂದಿದ್ದವಂತೆ. ಬೆಳಗಿನ ಮೂರು ಗಂಟೆಯವರೆಗೆ ಯಾರೂ ಮನೆಗೆ ಹೋಗಲಿಲ್ಲವಂತೆ. ಒಂದು, ಒಬ್ಬ ಮುದುಕನ ಬೈಬಲ್ಲಿನೊಳಗೆ ಸಿಕ್ಕಿತು. ಇನ್ನೊಂದು ಸಿಗಲೇ ಇಲ್ಲ. ಸಿಗಲಿಲ್ಲ ಎಂದು ಬರೆದು ಸಹಿ ಹಾಕಿದರಂತೆ. ಕೊನೆಗೆ ಒಂದು ಸಾಲು: ನಿಮ್ಮ ಒಲೆ ಹುಡುಗನಿಗೆ ನನ್ನ ನಮಸ್ಕಾರ.

"ನೋಡಿದ್ಯಾ," ಎಂದರು ನೋಯ್ಲೀನ್. "ಸಿಗಲಿಲ್ಲ ಅಂತ ಬರೆದಿದಾರೆ." ಆ ಸಾಲನ್ನು ಇನ್ನೆರಡು ಸಲ ಓದಿಸಿಕೊಂಡರು.

ಆ ಹೊತ್ತಿಗೆ ಬ್ರೋಡಿಯನ್ನು ಬಾರ್ಲಿ ಎನ್ನುವುದನ್ನು ಊರು ಬಿಟ್ಟಿತ್ತು. ಈಗ ಅವನ ಹೆಸರು 'ನೂರಹದಿನೇಳು'. ಮುಂದಿನ ಚುನಾವಣೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ ಶಾಲೆಯ ಹಾಲಿನಲ್ಲಿ, ಎದೆಗೆ ಬಿಲ್ಲೆ ಚುಚ್ಚಿಕೊಂಡು ಅವನು ನೋಯ್ಲೀನ್ ಪಕ್ಕದಲ್ಲಿ ನಿಂತಿದ್ದ. ಮೊದಲು ನಿನ್ನದು ಹಾಕಿ ಬಾ ಎಂದರು. ಅವನ ಹೆಸರಿಗೆ ಗೆರೆ ಬಿತ್ತು. ಅವನು ಮರೆಯ ಹಿಂದೆ ಹೋಗಿ ಬಂದು, ಪೆಟ್ಟಿಗೆಯ ಸೀಳಿಗೆ ಕಾಗದ ತೂರಿಸಿದ. ನೋಯ್ಲೀನ್ ತಲೆ ಒಂದು ಕಡೆ ವಾಲಿಸಿ, ಎಕ್ಸ್‌ಚೇಂಜಿನ ಮುಂದೆ ಕೂತವರಂತೆ, ಅದು ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ಕಾದರು.

"ಹೂಂ," ಎಂದರು. "ಬಾಗಿಲು ತೆಗಿ."